ಕಡ್ಡಿ ಅದ್ದಿದರೆ ಬಣ್ಣ ತಿರುಗುವ ನೀರು ವಿಷವೇ? ನೀರಿನೊಳಗಿನ ರಾಸಾಯನಿಕವನ್ನು ಲ್ಯಾಬ್ ಪತ್ತೆ ಮಾಡುವುದು ಹೀಗೆ

ಎರಡು ಲೋಟ ನೀರು. ಒಂದರಲ್ಲಿ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಫಿಲ್ಟರ್ ನೀರು. ಎರಡಕ್ಕೂ ಕಬ್ಬಿಣದ ಕಡ್ಡಿಗಳಿರುವ ಸಣ್ಣ ಯಂತ್ರ ಅದ್ದಿ ಸ್ವಿಚ್ ಹಾಕುತ್ತಾರೆ. ಒಂದೆರಡು ನಿಮಿಷದಲ್ಲಿ ಬೋರ್ ನೀರು ಹಳದಿಯಾಗಿ, ಕಂದಾಗಿ, ಕೊನೆಗೆ ಚರಂಡಿ ನೀರಿನಂತೆ ಕಾಣುತ್ತದೆ. ಫಿಲ್ಟರ್ ನೀರು ಮಾತ್ರ ಹಾಗೇ ತಿಳಿಯಾಗಿರುತ್ತದೆ. "ನೋಡಿ, ನೀವು ದಿನಾ ಕುಡಿಯುತ್ತಿರುವ ವಿಷ ಇದು. ಎಲ್ಲರಿಗೂ ಶೇರ್ ಮಾಡಿ" ಎಂಬ ಮಾತಿನೊಂದಿಗೆ ವಿಡಿಯೊ ಮುಗಿಯುತ್ತದೆ.

ಇಂಥ ವಿಡಿಯೊ ನಿಮ್ಮ ಊರಿನ ಅಥವಾ ಮನೆಯವರ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಜನ ಇದನ್ನು ನೋಡಿ ಗಾಬರಿಯಾಗುವುದಕ್ಕೆ ಕಾರಣವೂ ಇದೆ. ಈ ಎರಡೂ ತಾಲೂಕುಗಳ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ನಿಜ. ಆದರೆ ಆ ವಿಡಿಯೊದಲ್ಲಿ ಕಾಣುವ ಕಂದು ಬಣ್ಣಕ್ಕೂ ಫ್ಲೋರೈಡ್‌ಗೂ ಯಾವ ಸಂಬಂಧವೂ ಇಲ್ಲ. ನಿಜವಾದ ಅಪಾಯಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಹಾಗಾದರೆ ಅದು ಇದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಪ್ರಯೋಗಾಲಯದಲ್ಲಿ ನಿಮ್ಮ ಬಾಟಲಿ ನೀರಿಗೆ ಏನು ಮಾಡುತ್ತಾರೆ? ವರದಿಯಲ್ಲಿ ಬರುವ ಅಂಕಿಗಳನ್ನು ಓದುವುದು ಹೇಗೆ? ಒಂದೊಂದಾಗಿ ನೋಡೋಣ.

ಬಣ್ಣ ಬಂದದ್ದು ನೀರಿನಿಂದಲ್ಲ, ಕಡ್ಡಿಯಿಂದ

ಮೊದಲು ವಿಡಿಯೊದ ವಿಷಯ ಮುಗಿಸೋಣ. ನೀರಿನಲ್ಲಿ ಲವಣ ಕರಗಿದ್ದರೆ ಅದರ ಮೂಲಕ ವಿದ್ಯುತ್ ಹರಿಯುತ್ತದೆ. ಹರಿದಾಗ ಯಂತ್ರದ ಕಬ್ಬಿಣದ ಕಡ್ಡಿಯೇ ಸ್ವಲ್ಪ ಸ್ವಲ್ಪ ಕರಗಿ ನೀರಿಗೆ ಸೇರುತ್ತದೆ. ಅದು ಗಾಳಿ ಮತ್ತು ನೀರಿನೊಂದಿಗೆ ಕೂಡಿ ತುಕ್ಕಾಗುತ್ತದೆ. ನೀವು ನೋಡಿದ ಕಂದು ಕೆಸರು ಆ ತುಕ್ಕು. ಅದು ನೀರಿನಲ್ಲಿ ಮೊದಲೇ ಇರಲಿಲ್ಲ, ಯಂತ್ರವೇ ಹಾಕಿದ್ದು.

ಫಿಲ್ಟರ್ ನೀರಿನಲ್ಲಿ, ಅಂದರೆ ಆರ್‌ಒ ನೀರಿನಲ್ಲಿ, ಲವಣ ತೀರಾ ಕಡಿಮೆ. ವಿದ್ಯುತ್ ಹರಿಯುವುದಿಲ್ಲ, ಹಾಗಾಗಿ ಕಡ್ಡಿ ಕರಗುವುದಿಲ್ಲ, ಬಣ್ಣವೂ ಬರುವುದಿಲ್ಲ. ಯಂತ್ರ ತಂದವರಿಗೆ ಒಂದು ಮಾತು ಹೇಳಿ ನೋಡಿ: ಅದೇ ಆರ್‌ಒ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಸ್ವಿಚ್ ಹಾಕಿ. ಅದೂ ಬಣ್ಣ ತಿರುಗುತ್ತದೆ. ಉಪ್ಪು ಹಾಕಿದ ತಕ್ಷಣ ನೀರು ವಿಷವಾಯಿತೇ? (ಇದನ್ನು ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ. ನೀರು ಮತ್ತು ಕರೆಂಟ್ ಒಟ್ಟಿಗೆ ಅಪಾಯ.)

ಟಿಡಿಎಸ್ ಮೀಟರ್ ಹೇಳುವುದೆಷ್ಟು, ಹೇಳದಿರುವುದೆಷ್ಟು?

ಇನ್ನೊಂದು ಜನಪ್ರಿಯ ಫಾರ್ವರ್ಡ್: "ಟಿಡಿಎಸ್ ಮೀಟರ್ ತಗೊಂಡು ಚೆಕ್ ಮಾಡಿ, 100ಕ್ಕಿಂತ ಕಡಿಮೆ ಇದ್ದರೆ ಅಮೃತ, 300 ದಾಟಿದರೆ ವಿಷ."

ಪೆನ್ನಿನಂತಿರುವ ಈ ಮೀಟರ್ ಕೆಲಸಕ್ಕೆ ಬಾರದ ವಸ್ತುವೇನಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂದು ಅಳೆದು, ಅದರಿಂದ ಒಟ್ಟು ಎಷ್ಟು ಲವಣ ಕರಗಿರಬಹುದು ಎಂದು ಲೆಕ್ಕ ಹಾಕಿ ತೋರಿಸುತ್ತದೆ. ಆದರೆ ಯಾವ ಲವಣ ಎಂದು ಹೇಳುವುದಿಲ್ಲ. ಎಪಿಎಂಸಿಯಲ್ಲಿ ಮೂಟೆಯನ್ನು ತಕ್ಕಡಿಗೆ ಇಟ್ಟರೆ ತೂಕ ಗೊತ್ತಾಗುತ್ತದೆ. ಒಳಗಿರುವುದು ಶೇಂಗಾವೋ, ಈರುಳ್ಳಿಯೋ, ಮಣ್ಣೋ ಎಂದು ತಕ್ಕಡಿ ಹೇಳುವುದಿಲ್ಲ. ಹಾಗೆಯೇ ಇದು.

ಒಂದು ಲೆಕ್ಕ ಹಾಕೋಣ. ಒಂದು ಬೋರ್‌ವೆಲ್ ನೀರಿನ ಟಿಡಿಎಸ್ 600, ಅದರಲ್ಲಿ ಫ್ಲೋರೈಡ್ ಲೀಟರ್‌ಗೆ 0.5 ಮಿ.ಗ್ರಾಂ ಇದೆ ಎಂದಿಟ್ಟುಕೊಳ್ಳಿ. ಇದು ಸುರಕ್ಷಿತ. ಈಗ ಫ್ಲೋರೈಡ್ 2.5 ಮಿ.ಗ್ರಾಂಗೆ ಏರಿತು ಎಂದುಕೊಳ್ಳಿ. ಇದು ಅಪಾಯದ ಮಟ್ಟ. ಟಿಡಿಎಸ್‌ನಲ್ಲಿ ಆದ ಬದಲಾವಣೆ ಎಷ್ಟು? 600 ಇದ್ದದ್ದು ಸುಮಾರು 602. ಸಾಮಾನ್ಯ ಮೀಟರ್‌ನಲ್ಲಿ ನೂರಕ್ಕೆ ಎರಡರಷ್ಟು ವ್ಯತ್ಯಾಸ ಬರುವುದು ಮಾಮೂಲು, ಅಂದರೆ ಈ ನೀರಿನಲ್ಲಿ 12 ಅಂಕಿ ಅತ್ತಿತ್ತ. ಆ ಎರಡು ಅಂಕಿಯನ್ನು ಅದು ಕಾಣುವುದೇ ಇಲ್ಲ.

ಕೀಟನಾಶಕದ ವಿಷಯದಲ್ಲಿ ಮೀಟರ್ ಇನ್ನೂ ಕುರುಡು. ಹಲವು ಕೀಟನಾಶಕಗಳು ನೀರಿನಲ್ಲಿ ವಿದ್ಯುತ್ ಹರಿಸುವುದೇ ಇಲ್ಲ. ಹೀಗಾಗಿ ಟಿಡಿಎಸ್ ಕಡಿಮೆ ಇದೆ ಎಂದ ಮಾತ್ರಕ್ಕೆ ನೀರು ಒಳ್ಳೆಯದು ಎಂದಲ್ಲ, ಹೆಚ್ಚಿದೆ ಎಂದ ಮಾತ್ರಕ್ಕೆ ವಿಷವೂ ಅಲ್ಲ. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಟಿಡಿಎಸ್ 500 ಮಿ.ಗ್ರಾಂವರೆಗೆ ಇರುವುದು ಒಳ್ಳೆಯದು. ಬೇರೆ ನೀರಿನ ಮೂಲ ಇಲ್ಲದಿದ್ದರೆ 2,000ದವರೆಗೂ ಅವಕಾಶವಿದೆ. 300ಕ್ಕೆ 'ವಿಷ' ಎಂಬ ಗೆರೆ ಅದರಲ್ಲಿ ಎಲ್ಲೂ ಇಲ್ಲ.

ಈ ಭಾಗದ ನೀರಿನಲ್ಲೇ ಯಾಕೆ ಫ್ಲೋರೈಡ್?

ಯಾವುದೋ ಕಾರ್ಖಾನೆ ಸುರಿದ ವಿಷ ಎಂದು ಕೆಲವು ಸಂದೇಶಗಳು ಹೇಳುತ್ತವೆ. ಇಲ್ಲಿನ ಫ್ಲೋರೈಡ್ ಬಂದಿರುವುದು ನೆಲದಡಿಯ ಬಂಡೆಯಿಂದ. ಗ್ರಾನೈಟ್ ಮತ್ತು ನೈಸ್ ಜಾತಿಯ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೊಟೈಟ್‌ನಂಥ ಖನಿಜಗಳಿರುತ್ತವೆ. ಇವುಗಳಲ್ಲಿ ಫ್ಲೋರೈಡ್ ಇದೆ. ಬಂಡೆಯ ಬಿರುಕುಗಳಲ್ಲಿ ನೀರು ವರ್ಷಗಟ್ಟಲೆ ನಿಂತಾಗ ಅದು ನಿಧಾನವಾಗಿ ಕರಗಿ ನೀರಿಗೆ ಸೇರುತ್ತದೆ.

ಚಳ್ಳಕೆರೆ, ಮೊಳಕಾಲ್ಮುರು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳ ಸಾಲಿನಲ್ಲಿವೆ. ಮಳೆ ಕಡಿಮೆಯಾದರೆ ಹೊಸ ನೀರು ಇಂಗಿ ಹಳೆಯ ನೀರನ್ನು ತೆಳುವಾಗಿಸುವುದೂ ಕಡಿಮೆ. ತೆರೆದ ಬಾವಿಗಳು ಬತ್ತಿದ ಮೇಲೆ ಕೊಳವೆಬಾವಿಗಳು ಆಳಕ್ಕೆ ಹೋದವು. ಆಳದಲ್ಲಿರುವುದು ಬಂಡೆಯೊಂದಿಗೆ ಹೆಚ್ಚು ಕಾಲ ಕಳೆದ ನೀರು.

ಇಲ್ಲೊಂದು ವಿಚಿತ್ರವಿದೆ. ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವ ಗಡಸು ನೀರನ್ನು ಜನ 'ಫ್ಲೋರೈಡ್ ನೀರು' ಎನ್ನುವುದುಂಟು. ಆ ಬಿಳಿ ಪೊರೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡ್ ಜೊತೆ ಕೂಡಿ ಗಟ್ಟಿಯಾಗಿ ತಳಕ್ಕಿಳಿಯುವ ಸಾಧ್ಯತೆ ಹೆಚ್ಚು. ಕ್ಯಾಲ್ಸಿಯಂ ಕಡಿಮೆ ಇದ್ದು ಸೋಡಿಯಂ, ಬೈಕಾರ್ಬನೇಟ್ ಹೆಚ್ಚಿರುವ ನೀರಿನಲ್ಲೇ ಫ್ಲೋರೈಡ್ ಹೆಚ್ಚಾಗಿ ಕರಗಿ ಉಳಿಯುತ್ತದೆ. ಅಂದರೆ ಬೇಳೆ ಚೆನ್ನಾಗಿ ಬೇಯುವ, ಸೋಪು ನೊರೆ ಕೊಡುವ 'ಒಳ್ಳೆಯ' ನೀರಿನಲ್ಲೂ ಫ್ಲೋರೈಡ್ ಹೆಚ್ಚಿರಬಹುದು. ನಾಲಿಗೆಯನ್ನು ನಂಬಿ ನಿರ್ಧರಿಸಲು ಆಗುವುದಿಲ್ಲ.

ಹಲ್ಲು ಮತ್ತು ಮೂಳೆಯ ಪ್ರಶ್ನೆ

ಫ್ಲೋರೈಡ್ ಮಿತಿಯಲ್ಲಿದ್ದರೆ ಹಲ್ಲಿಗೆ ಒಳ್ಳೆಯದು. ಹೆಚ್ಚಾದರೆ ಕೆಡುಕು. ಐಎಸ್ 10500 ಪ್ರಕಾರ ಲೀಟರ್‌ಗೆ 1 ಮಿ.ಗ್ರಾಂ ಸ್ವೀಕಾರಾರ್ಹ ಮಿತಿ; ಬೇರೆ ಮೂಲ ಇಲ್ಲದಿದ್ದಾಗ ಗರಿಷ್ಠ 1.5. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ 1.5.

ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಆ ವಯಸ್ಸಿನಲ್ಲಿ ಹೆಚ್ಚು ಫ್ಲೋರೈಡ್ ಕುಡಿದ ಮಕ್ಕಳ ಹಲ್ಲಿನಲ್ಲಿ ಮೊದಲು ಸುಣ್ಣದಂಥ ಬಿಳಿ ಮಚ್ಚೆ, ತೀವ್ರವಾದರೆ ಹಳದಿ ಅಥವಾ ಕಂದು ಗೆರೆ ಕಾಣಿಸುತ್ತದೆ. ಈ ಕಲೆ ಹಲ್ಲಿನ ಒಳಗಿನದು. ಎಷ್ಟು ಉಜ್ಜಿದರೂ ಹೋಗುವುದಿಲ್ಲ. "ಸರಿಯಾಗಿ ಹಲ್ಲುಜ್ಜಲ್ಲ" ಎಂದು ಬೈಸಿಕೊಳ್ಳುವ ಮಗುವಿನ ತಪ್ಪು ಅದರಲ್ಲಿ ಏನೂ ಇಲ್ಲದಿರಬಹುದು. ಇನ್ನೂ ಹೆಚ್ಚು ಪ್ರಮಾಣವನ್ನು ಹಲವು ವರ್ಷ ಕುಡಿದರೆ ಮೂಳೆ, ಕೀಲುಗಳಿಗೂ ತೊಂದರೆ. ಕುತ್ತಿಗೆ, ಸೊಂಟ ಬಿಗಿಯುವುದು, ಬಗ್ಗಲಾಗದಿರುವುದು ಇದರ ಲಕ್ಷಣ. ಭಾರತದಲ್ಲಿ ಇದನ್ನು ವೈದ್ಯರು ಮೊದಲು ವರದಿ ಮಾಡಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ.

ಬಿಸಿಲಿನ ನಾಡಿಗೆ ಇನ್ನೊಂದು ಮಾತು ಸೇರಿಸಬೇಕು. ಮಿತಿಯನ್ನು ಲೀಟರ್ ಲೆಕ್ಕದಲ್ಲಿ ಹೇಳುತ್ತಾರೆ, ಆದರೆ ದೇಹಕ್ಕೆ ಮುಖ್ಯವಾದದ್ದು ದಿನದ ಒಟ್ಟು ಪ್ರಮಾಣ. ಲೀಟರ್‌ಗೆ 2 ಮಿ.ಗ್ರಾಂ ಇರುವ ನೀರನ್ನು ದಿನಕ್ಕೆ ಮೂರು ಲೀಟರ್ ಕುಡಿದರೆ 6 ಮಿ.ಗ್ರಾಂ ಆಯಿತು. ಬಿಸಿಲಿನಲ್ಲಿ ದುಡಿಯುವವರು ಇನ್ನೂ ಹೆಚ್ಚು ಕುಡಿಯುತ್ತಾರೆ. ಚಹಾ ಸೊಪ್ಪಿನಲ್ಲೂ ಫ್ಲೋರೈಡ್ ಇದೆ. ದಿನಕ್ಕೆ 6 ಮಿ.ಗ್ರಾಂ ದಾಟಿದರೆ ಮೂಳೆಯ ಮೇಲೆ ಪರಿಣಾಮದ ಸೂಚನೆ ಇದೆ, 14 ಮಿ.ಗ್ರಾಂನಲ್ಲಿ ಅದು ಸ್ಪಷ್ಟ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಸಿಂಟೆಕ್ಸ್ ಟ್ಯಾಂಕ್‌ನಲ್ಲಿ ಮೂರು ಶೇಂಗಾ ಬೀಜ

ಇಷ್ಟು ಸಣ್ಣ ಪ್ರಮಾಣವನ್ನು ಕಲ್ಪಿಸಿಕೊಳ್ಳುವುದು ಹೇಗೆ? ಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕ್ ನೆನೆಸಿಕೊಳ್ಳಿ. ಅದಕ್ಕೆ ಒಂದು ಗ್ರಾಂ ವಸ್ತು ಹಾಕಿ ಕಲಸಿದರೆ ಲೀಟರ್‌ಗೆ 1 ಮಿ.ಗ್ರಾಂ ಆಗುತ್ತದೆ. ಒಂದು ಶೇಂಗಾ ಬೀಜ ಸುಮಾರು ಅರ್ಧ ಗ್ರಾಂ ತೂಗುತ್ತದೆ. ಹಾಗಾಗಿ ಟ್ಯಾಂಕ್‌ಗೆ ಎರಡು ಬೀಜದ ತೂಕದಷ್ಟು ಫ್ಲೋರೈಡ್ ಇದ್ದರೆ ಪರವಾಗಿಲ್ಲ, ಮೂರು ಬೀಜದಷ್ಟಾದರೆ ಕೊನೆಯ ಮಿತಿ, ನಾಲ್ಕು ಬೀಜದಷ್ಟಿದ್ದರೆ ಆ ನೀರು ಕುಡಿಯಲು ಯೋಗ್ಯವಲ್ಲ.

ಸೀಸದ ಮಿತಿ ಇನ್ನೂ ಚಿಕ್ಕದು: ಲೀಟರ್‌ಗೆ 0.01 ಮಿ.ಗ್ರಾಂ. ಇದು ಅದೇ ಟ್ಯಾಂಕ್‌ನಲ್ಲಿ ಒಂದು ಬೀಜದ ಐವತ್ತನೇ ಒಂದು ಭಾಗ. ಡಿಡಿಟಿಯಂಥ ಕೀಟನಾಶಕದ ಮಿತಿ ಲೀಟರ್‌ಗೆ 1 ಮೈಕ್ರೋಗ್ರಾಂ, ಅಂದರೆ ಬೀಜದ ಐನೂರನೇ ಒಂದು ಭಾಗ. ಈ ಮೂರನ್ನೂ ಒಂದೇ ಉಪಕರಣದಿಂದ, ಒಂದೇ ಹನಿ ದ್ರಾವಣದಿಂದ ಪತ್ತೆ ಮಾಡಲು ಯಾಕೆ ಆಗುವುದಿಲ್ಲ ಎಂಬುದು ಇಲ್ಲೇ ಗೊತ್ತಾಗುತ್ತದೆ. "ಒಂದೇ ಟೆಸ್ಟ್‌ನಲ್ಲಿ ಎಲ್ಲ ವಿಷ ಪತ್ತೆ" ಎಂಬ ಜಾಹೀರಾತು ಕಂಡರೆ ಅಲ್ಲಿಗೇ ನಿಲ್ಲಿಸಿ. ಏನನ್ನು ಹುಡುಕುತ್ತಿದ್ದೇವೆ ಎಂದು ಮೊದಲು ನಿರ್ಧರಿಸಿದರೆ ಮಾತ್ರ ಯಾವ ಪರೀಕ್ಷೆ ಎಂದು ನಿರ್ಧರಿಸಬಹುದು.

ಲ್ಯಾಬ್‌ನಲ್ಲಿ ಫ್ಲೋರೈಡ್ ಹುಡುಕುವ ಎರಡು ದಾರಿ

ಮೊದಲನೆಯದು ಬಣ್ಣದ ದಾರಿ. ಜಿರ್ಕೋನಿಯಂ ಎಂಬ ಲೋಹವನ್ನು ಸ್ಪ್ಯಾಡ್ನ್ಸ್ ಎಂಬ ಬಣ್ಣದೊಂದಿಗೆ ಸೇರಿಸಿದಾಗ ಕೆಂಪು ದ್ರಾವಣ ಸಿಗುತ್ತದೆ. ಇದಕ್ಕೆ ನೀರಿನ ಮಾದರಿ ಹಾಕುತ್ತಾರೆ. ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಜಿರ್ಕೋನಿಯಂ ಅನ್ನು ಬಣ್ಣದ ಹಿಡಿತದಿಂದ ಕಿತ್ತುಕೊಳ್ಳುತ್ತದೆ, ಕೆಂಪು ತಿಳಿಯಾಗುತ್ತದೆ. ಎಷ್ಟು ಹೆಚ್ಚು ಫ್ಲೋರೈಡೋ ಅಷ್ಟು ಕಡಿಮೆ ಬಣ್ಣ. ಇಲ್ಲಿ ಕಣ್ಣಳತೆ ನಡೆಯುವುದಿಲ್ಲ. ಸ್ಪೆಕ್ಟ್ರೊಫೋಟೋಮೀಟರ್ ಎಂಬ ಉಪಕರಣ ದ್ರಾವಣದ ಮೂಲಕ 570 ನ್ಯಾನೋಮೀಟರ್ ತರಂಗಾಂತರದ ಬೆಳಕು ಹಾಯಿಸಿ, ಎಷ್ಟು ಬೆಳಕು ಹೀರಲ್ಪಟ್ಟಿತು ಎಂದು ಅಳೆಯುತ್ತದೆ.

ಈ ವಿಧಾನ ಅಗ್ಗ, ಸರಳ. ಆದರೆ ನೀರಿನಲ್ಲಿ ಕ್ಲೋರಿನ್, ಅಲ್ಯೂಮಿನಿಯಂ, ಕಬ್ಬಿಣ, ಫಾಸ್ಫೇಟ್ ಇದ್ದರೆ ಅವೂ ಈ ಬಣ್ಣವನ್ನು ಕೆಡಿಸಿ ತಪ್ಪು ಅಂಕಿ ಕೊಡಬಹುದು. ಹಾಗಾಗಿ ಅವುಗಳನ್ನು ಮೊದಲೇ ತೆಗೆಯಬೇಕು, ಇಲ್ಲವೇ ಮಾದರಿಯನ್ನು ಬಟ್ಟಿ ಇಳಿಸಿ ಪರೀಕ್ಷಿಸಬೇಕು.

ಎರಡನೆಯದು ಎಲೆಕ್ಟ್ರೋಡ್ ದಾರಿ. 1966ರಲ್ಲಿ ಅಮೆರಿಕದ ಫ್ರಾಂಟ್ ಮತ್ತು ರಾಸ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ವಿಧಾನ ಇದು. ಎಲೆಕ್ಟ್ರೋಡ್‌ನ ತುದಿಯಲ್ಲಿ ಲ್ಯಾಂಥನಂ ಫ್ಲೋರೈಡ್ ಹರಳು ಇರುತ್ತದೆ. ಆ ಹರಳು ಹೆಚ್ಚು ಕಡಿಮೆ ಫ್ಲೋರೈಡ್‌ಗೆ ಮಾತ್ರ ಸ್ಪಂದಿಸುತ್ತದೆ. ನೀರಿನಲ್ಲಿ ಫ್ಲೋರೈಡ್ ಹತ್ತು ಪಟ್ಟು ಬದಲಾದಾಗ ಮೀಟರ್‌ನಲ್ಲಿ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ. ಆ ವೋಲ್ಟೇಜ್‌ನಿಂದ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ಅಳೆಯುವ ಮುನ್ನ ಟಿಸಾಬ್ ಎಂಬ ದ್ರಾವಣವನ್ನು ಸೇರಿಸುತ್ತಾರೆ. ಕಬ್ಬಿಣ, ಅಲ್ಯೂಮಿನಿಯಂ ಜೊತೆ ಅಂಟಿಕೊಂಡಿರುವ ಫ್ಲೋರೈಡ್ ಅನ್ನು ಅದು ಬಿಡಿಸುತ್ತದೆ, ನೀರಿನ ಪಿಎಚ್ ಅನ್ನೂ ಸರಿಯಾದ ಮಟ್ಟದಲ್ಲಿ ಇಡುತ್ತದೆ. ಇದನ್ನು ಸೇರಿಸದೆ ನೇರವಾಗಿ ಅಳೆದರೆ ಇರುವುದಕ್ಕಿಂತ ಕಡಿಮೆ ತೋರಿಸಬಹುದು.

ಊರಿನಲ್ಲಿ ಬಳಸುವ ಫೀಲ್ಡ್ ಟೆಸ್ಟ್ ಕಿಟ್ ಬಣ್ಣದ ದಾರಿಯ ಸರಳ ರೂಪ. ನೀರಿಗೆ ಹನಿ ಹಾಕಿ, ಬಂದ ಬಣ್ಣವನ್ನು ಚಾರ್ಟ್‌ಗೆ ಹೋಲಿಸುತ್ತಾರೆ. 'ಕಡಿಮೆ', 'ಅಂಚಿನಲ್ಲಿದೆ', 'ಹೆಚ್ಚು' ಎಂದು ವಿಂಗಡಿಸಲು ಇದು ಸಾಕು. 1.4 ಇದೆಯೋ 1.7 ಇದೆಯೋ ಎಂದು ಹೇಳಲು ಸಾಲದು. ಅವಧಿ ಮುಗಿದ ದ್ರಾವಣವಾದರೆ ಏನನ್ನೂ ನಂಬುವಂತಿಲ್ಲ. ಕಿಟ್‌ನಲ್ಲಿ ಅನುಮಾನ ಬಂದ ನೀರು ಲ್ಯಾಬ್‌ಗೆ ಹೋಗಲೇಬೇಕು.

ನೈಟ್ರೇಟ್, ಲೋಹ, ಕೀಟನಾಶಕ: ಒಂದೊಂದಕ್ಕೂ ಒಂದೊಂದು ಬಲೆ

ತಿಪ್ಪೆ, ಶೌಚಗುಂಡಿ, ಯೂರಿಯಾದಂಥ ಗೊಬ್ಬರದಿಂದ ಇಳಿದು ಬರುವುದು ನೈಟ್ರೇಟ್. ಮಿತಿ ಲೀಟರ್‌ಗೆ 45 ಮಿ.ಗ್ರಾಂ, ಇದಕ್ಕೆ ಯಾವ ವಿನಾಯಿತಿಯೂ ಇಲ್ಲ. ಆರು ತಿಂಗಳೊಳಗಿನ ಹಸುಗೂಸಿಗೆ ಪುಡಿಹಾಲು ಕಲಸಲು ಇಂಥ ನೀರು ಬಳಸಿದರೆ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕುಂದಿ ಮಗು ನೀಲಿಯಾಗಬಹುದು. ನೈಟ್ರೇಟ್ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರುತ್ತದೆ. 220 ನ್ಯಾನೋಮೀಟರ್‌ನಲ್ಲಿ ಅದನ್ನು ಅಳೆದು, 275ರಲ್ಲಿ ಮತ್ತೊಮ್ಮೆ ಅಳೆದು, ನೀರಿನಲ್ಲಿರುವ ಇತರ ಸಾವಯವ ವಸ್ತುಗಳ ಪಾಲನ್ನು ಕಳೆಯುತ್ತಾರೆ.

ಗಡಸುತನಕ್ಕೆ ಹಳೆಯ ಕಾಲೇಜು ಪ್ರಯೋಗವೇ ಸಾಕು: ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಟ್ಟಂತೆ ದ್ರಾಕ್ಷಾರಸದ ಬಣ್ಣದ ನೀರು ನೀಲಿಗೆ ತಿರುಗುತ್ತದೆ. ತಿರುಗಲು ಎಷ್ಟು ಬೇಕಾಯಿತು ಎಂಬುದೇ ಗಡಸುತನದ ಅಳತೆ.

ಸೀಸ, ಕ್ರೋಮಿಯಂನಂಥ ಲೋಹಗಳಿಗೆ ಪರಮಾಣು ಹೀರುವಿಕೆ ಉಪಕರಣ ಬೇಕು. ಆಸ್ಟ್ರೇಲಿಯಾದ ಅಲನ್ ವಾಲ್ಷ್ 1950ರ ದಶಕದಲ್ಲಿ ರೂಪಿಸಿದ ವಿಧಾನ ಇದು. ನೀರನ್ನು ಜ್ವಾಲೆಯಲ್ಲಿ ಸಿಂಪಡಿಸಿ ಪರಮಾಣುಗಳಾಗಿ ಒಡೆಯುತ್ತಾರೆ. ಸೀಸವನ್ನು ಹುಡುಕಬೇಕಾದರೆ ಸೀಸದ್ದೇ ದೀಪ ಹಚ್ಚುತ್ತಾರೆ. ಆ ದೀಪದ ಬೆಳಕನ್ನು ಸೀಸದ ಪರಮಾಣು ಹೀರುತ್ತದೆ, ಬೇರೆಯವು ಬಿಟ್ಟುಬಿಡುತ್ತವೆ. ಇನ್ನೂ ಸೂಕ್ಷ್ಮ ಬೇಕಾದರೆ ಐಸಿಪಿ-ಎಂಎಸ್ ಇದೆ. ಸಾವಿರಾರು ಡಿಗ್ರಿ ಬಿಸಿಯ ಪ್ಲಾಸ್ಮಾದಲ್ಲಿ ನೀರನ್ನು ಸುಟ್ಟು, ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುತ್ತದೆ. ಹತ್ತಾರು ಲೋಹಗಳನ್ನು ಒಂದೇ ಬಾರಿಗೆ ಅಳೆಯಬಲ್ಲ ಈ ಯಂತ್ರ ದುಬಾರಿ, ತಾಲೂಕು ಮಟ್ಟದ ಲ್ಯಾಬ್‌ಗಳಲ್ಲಿ ಇರುವಂಥದ್ದಲ್ಲ. ಗ್ರಾನೈಟ್ ಪ್ರದೇಶದ ಆಳದ ನೀರಿನಲ್ಲಿ ಕಾಣಿಸಿಕೊಳ್ಳಬಹುದಾದ ಯುರೇನಿಯಂ ಪತ್ತೆಗೂ ಇದನ್ನು ಬಳಸುತ್ತಾರೆ. ಅದರ ಮಿತಿ ಲೀಟರ್‌ಗೆ 30 ಮೈಕ್ರೋಗ್ರಾಂ.

ಕೀಟನಾಶಕದ ಹಾದಿ ಉದ್ದ. ಲೀಟರ್‌ಗಟ್ಟಲೆ ನೀರಿನಿಂದ ಅದನ್ನು ಹೀರಿ ತೆಗೆದು, ಒಂದು ಹನಿಯಷ್ಟು ದ್ರಾವಕದಲ್ಲಿ ಸಾಂದ್ರಗೊಳಿಸಬೇಕು. ನಂತರ ಅದನ್ನು ತೆಳುವಾದ, ಹತ್ತಾರು ಮೀಟರ್ ಉದ್ದದ ಕೊಳವೆಯಲ್ಲಿ ಓಡಿಸುತ್ತಾರೆ. ಒಂದೊಂದು ರಾಸಾಯನಿಕ ಒಂದೊಂದು ಸಮಯಕ್ಕೆ ಹೊರಬರುತ್ತದೆ. ಬಂದದ್ದನ್ನು ಒಡೆದು, ಚೂರುಗಳ ತೂಕ ನೋಡಿ ಗುರುತು ಹಿಡಿಯುವುದು ಜಿಸಿ-ಎಂಎಸ್ ಯಂತ್ರದ ಕೆಲಸ. 1957ರಲ್ಲಿ ಬ್ರಿಟನ್ನಿನ ಜೇಮ್ಸ್ ಲವ್‌ಲಾಕ್ ರೂಪಿಸಿದ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್ ಬಂದ ಮೇಲೆಯೇ ಡಿಡಿಟಿಯಂಥ ವಸ್ತು ಜಗತ್ತಿನ ಮೂಲೆಮೂಲೆಯಲ್ಲಿ ಎಷ್ಟು ಹರಡಿದೆ ಎಂಬುದು ಬೆಳಕಿಗೆ ಬಂತು.

ಮೊಳಕಾಲ್ಮುರು ರೇಷ್ಮೆ ಸೀರೆಯ ಊರು. ಇಂಥ ಊರುಗಳಲ್ಲಿ 'ಬಣ್ಣದ ನೀರು ಬಾವಿಗೆ ಇಳಿದಿದೆಯೇ' ಎಂಬ ಪ್ರಶ್ನೆ ಸಹಜ. ಬಣ್ಣ ತೀರಾ ಕಡಿಮೆ ಪ್ರಮಾಣದಲ್ಲೂ ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಕಂಡ ಬಣ್ಣವೆಲ್ಲ ವಿಷವೆಂದಲ್ಲ. ಬಣ್ಣ ಕಾಣದಿದ್ದರೆ ಸುರಕ್ಷಿತ ಎಂದೂ ಅಲ್ಲ. ಅಂಥ ಅನುಮಾನ ಇದ್ದಾಗ ಫ್ಲೋರೈಡ್ ಪರೀಕ್ಷೆ ಮಾಡಿಸಿ ಸುಮ್ಮನಾದರೆ ಉಪಯೋಗವಿಲ್ಲ. ಸಿಒಡಿ ಎಂಬ ಪರೀಕ್ಷೆ ಮತ್ತು ಕ್ರೋಮಿಯಂನಂಥ ಲೋಹಗಳ ಪರೀಕ್ಷೆ ಕೇಳಬೇಕು.

ವಿಷವೋ, ರೋಗಾಣುವೋ?

2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಜೀವ ಕಳೆದುಕೊಂಡರು, ಬಹಳಷ್ಟು ಜನ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು. ನೀರಿಗೆ ಯಾರೋ ವಿಷ ಬೆರೆಸಿರಬಹುದು ಎಂಬ ಅನುಮಾನವೂ ಆಗ ಹುಟ್ಟಿತ್ತು. ಇಂಥ ಹೊತ್ತಿನಲ್ಲಿ ಫಾರ್ವರ್ಡ್‌ಗಳು ಬೆಂಕಿಗೆ ತುಪ್ಪ ಸುರಿಯುತ್ತವೆ, ನೆರೆಹೊರೆಯವರ ಮೇಲೆಯೇ ಬೆರಳು ತೋರಿಸುತ್ತವೆ.

ಇಲ್ಲಿ ತಿಳಿದಿರಬೇಕಾದ್ದು ಇಷ್ಟು. ರಾಸಾಯನಿಕ ಪರೀಕ್ಷೆ ಬೇರೆ, ರೋಗಾಣು ಪರೀಕ್ಷೆ ಬೇರೆ. ರೋಗಾಣು ಪರೀಕ್ಷೆಗೆ ಬ್ಯಾಕ್ಟೀರಿಯಾವನ್ನು ಬೆಳೆಸಬೇಕು, ಅದಕ್ಕೆ ಒಂದೆರಡು ದಿನ ಬೇಕು. ಒಂದರ ವರದಿ 'ಸರಿ ಇದೆ' ಎಂದರೆ ಇನ್ನೊಂದೂ ಸರಿ ಇದೆ ಎಂದಲ್ಲ. ವರದಿ ಬರುವ ಮುನ್ನ ಬರುವ ತೀರ್ಮಾನವೆಲ್ಲ ಊಹೆ. ಚಳ್ಳಕೆರೆ, ಮೊಳಕಾಲ್ಮುರು, ಪಾವಗಡದಂಥ ತಾಲೂಕುಗಳಿಗೆ ತುಂಗಭದ್ರಾ ಹಿನ್ನೀರು ತರುವ ಬಹುಗ್ರಾಮ ಯೋಜನೆ ರೂಪಗೊಂಡದ್ದೇ ಫ್ಲೋರೈಡ್ ಕಾಟಕ್ಕೆ ಪರಿಹಾರವಾಗಿ. ನದಿ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ಆದರೆ ಉದ್ದದ ಪೈಪ್‌ನಲ್ಲಿ ಬರುವ ನೀರಿಗೆ ರೋಗಾಣು ಮತ್ತು ಉಳಿಕೆ ಕ್ಲೋರಿನ್ ಪರೀಕ್ಷೆ ಅತಿ ಮುಖ್ಯ. ನೀರಿನ ಮೂಲ ಬದಲಾದರೆ ಕೇಳಬೇಕಾದ ಪ್ರಶ್ನೆಯೂ ಬದಲಾಗಬೇಕು.

ಬಾಟಲಿ ತುಂಬುವುದರಲ್ಲೇ ಅರ್ಧ ಪರೀಕ್ಷೆ

ಎಂಥ ಯಂತ್ರವಿದ್ದರೂ ತಪ್ಪಾಗಿ ತಂದ ಮಾದರಿಗೆ ಸರಿಯಾದ ಉತ್ತರ ಸಿಗುವುದಿಲ್ಲ.

• ಬೋರ್‌ವೆಲ್ ಆದರೆ ಐದು ಹತ್ತು ನಿಮಿಷ ಓಡಿಸಿ, ಪೈಪ್‌ನಲ್ಲಿ ನಿಂತ ನೀರು ಹೋದ ಮೇಲೆ ಹಿಡಿಯಿರಿ.
• ಫ್ಲೋರೈಡ್, ಗಡಸುತನದಂಥ ಪರೀಕ್ಷೆಗೆ ಶುಭ್ರ ಪ್ಲಾಸ್ಟಿಕ್ ಬಾಟಲಿ ಸಾಕು. ಅದೇ ನೀರಿನಿಂದ ಎರಡು ಮೂರು ಬಾರಿ ತೊಳೆದು ತುಂಬಿ. ಎಣ್ಣೆ, ಜ್ಯೂಸ್, ಔಷಧಿಯ ಹಳೆಯ ಬಾಟಲಿ ಬೇಡ.
• ನೈಟ್ರೇಟ್‌ಗೆ ಮಾದರಿಯನ್ನು ತಣ್ಣಗಿಟ್ಟು ಎರಡು ದಿನದೊಳಗೆ ತಲುಪಿಸಬೇಕು.
• ಲೋಹದ ಪರೀಕ್ಷೆಗೆ ಬಾಟಲಿಗೆ ಆಮ್ಲ ಹಾಕಬೇಕು, ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೇ ಅಂಟುತ್ತದೆ. ಕೀಟನಾಶಕಕ್ಕೆ ಕಂದು ಗಾಜಿನ ಬಾಟಲಿ ಬೇಕು. ರೋಗಾಣು ಪರೀಕ್ಷೆಗೆ ಕ್ರಿಮಿಶುದ್ಧ ಮಾಡಿದ ಬಾಟಲಿ ಬೇಕು, ಅದನ್ನು ತೊಳೆಯಬಾರದು. ಈ ಮೂರಕ್ಕೂ ಬಾಟಲಿಯನ್ನು ಲ್ಯಾಬ್‌ನಿಂದಲೇ ಕೇಳಿ ಪಡೆಯಿರಿ.
• ಬಾಟಲಿ ಮೇಲೆ ಊರು, ಯಾವ ಬೋರ್‌ವೆಲ್, ದಿನಾಂಕ, ಸಮಯ ಬರೆಯಿರಿ.

ಪಕ್ಕದ ಮನೆಯ ವರದಿ ನಿಮ್ಮದಲ್ಲ ಎಂಬುದೂ ನೆನಪಿರಲಿ. ಬಂಡೆಯ ಬೇರೆ ಬೇರೆ ಬಿರುಕಿನಿಂದ ನೀರು ಬರುವುದರಿಂದ, ಕೂಗಳತೆಯ ದೂರದ ಎರಡು ಬೋರ್‌ವೆಲ್‌ಗಳಲ್ಲೂ ಫ್ಲೋರೈಡ್ ಬೇರೆ ಬೇರೆ ಇರಬಹುದು. ಬೇಸಿಗೆಗೂ ಮಳೆಗಾಲದ ನಂತರಕ್ಕೂ ವ್ಯತ್ಯಾಸ ಇರಬಹುದು.

ವರದಿ ಕೈಗೆ ಬಂದಾಗ

ವರದಿಯಲ್ಲಿ 'ಬಿಡಿಎಲ್' ಎಂದು ಬರೆದಿದ್ದರೆ 'ಪತ್ತೆ ಮಿತಿಗಿಂತ ಕಡಿಮೆ' ಎಂದರ್ಥ. ಅದು ಸೊನ್ನೆ ಎಂದಲ್ಲ, ಈ ಉಪಕರಣಕ್ಕೆ ಕಾಣಲಿಲ್ಲ ಎಂದು. ಸೀಸದ ಮಿತಿ 0.01 ಇರುವಾಗ, ಉಪಕರಣ 0.05ಕ್ಕಿಂತ ಕಡಿಮೆಯನ್ನು ಕಾಣಲಾರದು ಎಂದಾದರೆ ಆ 'ಬಿಡಿಎಲ್'ಗೆ ಬೆಲೆಯಿಲ್ಲ. ಪತ್ತೆ ಮಿತಿ ಎಷ್ಟು ಎಂದು ಕೇಳುವುದು ನಿಮ್ಮ ಹಕ್ಕು.

ಒಳ್ಳೆಯ ಲ್ಯಾಬ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಪ್ರಮಾಣ ಮೊದಲೇ ಗೊತ್ತಿರುವ 0.5, 1, 2 ಮಿ.ಗ್ರಾಂ ದ್ರಾವಣಗಳನ್ನು ಅಳೆದು ಉಪಕರಣ ಸರಿಯಾಗಿ ಹೇಳುತ್ತಿದೆಯೇ ಎಂದು ನೋಡುತ್ತದೆ. ಏನೂ ಬೆರೆಸದ ಶುದ್ಧ ನೀರನ್ನೂ ಇಟ್ಟು ನೋಡುತ್ತದೆ. ಒಂದೇ ಮಾದರಿಯನ್ನು ಎರಡು ಬಾರಿ ಅಳೆಯುತ್ತದೆ. ಇಂಥ ಶಿಸ್ತಿಗೆ ಸಿಗುವ ಮಾನ್ಯತೆಯೇ ಎನ್‌ಎಬಿಎಲ್. ವರದಿಯ ಮೇಲೆ ಆ ಗುರುತು ಇದೆಯೇ, ಯಾವ ವಿಧಾನದಿಂದ ಪರೀಕ್ಷಿಸಿದ್ದಾರೆ ಎಂದು ಬರೆದಿದ್ದಾರೆಯೇ ನೋಡಿ.

ಪರೀಕ್ಷೆ ಎಲ್ಲಿ ಮಾಡಿಸುವುದು? ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಲ್ಲಿ ಮಾಡಿಸಬಹುದು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಈ ಲ್ಯಾಬ್‌ಗಳು ಕಡಿಮೆ ಶುಲ್ಕಕ್ಕೆ ಸಾರ್ವಜನಿಕರ ಮಾದರಿಯನ್ನೂ ಪರೀಕ್ಷಿಸಬೇಕು. ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ಕಿಟ್ ಬಳಕೆಯ ತರಬೇತಿ ಕೊಡಬೇಕು ಎಂಬುದೂ ಯೋಜನೆಯ ಭಾಗ. ಕುಡಿಯುವ ನೀರಿನ ಮೂಲಗಳನ್ನು ರಾಸಾಯನಿಕಕ್ಕೆ ವರ್ಷಕ್ಕೊಮ್ಮೆ, ರೋಗಾಣುವಿಗೆ ಎರಡು ಬಾರಿ ಪರೀಕ್ಷಿಸಬೇಕೆಂಬ ಮಾರ್ಗಸೂಚಿ ಇದೆ. ನಿಮ್ಮ ಊರಿನ ಕೊನೆಯ ವರದಿ ಯಾವಾಗಿನದು ಎಂದು ಗ್ರಾಮ ಪಂಚಾಯಿತಿಯ ಪಿಡಿಒ ಅವರನ್ನು ಕೇಳಿ. ಗ್ರಾಮಸಭೆಯಲ್ಲಿ ಕೇಳಿದರೆ ಇನ್ನೂ ಒಳ್ಳೆಯದು.

ಫ್ಲೋರೈಡ್ ಹೆಚ್ಚಿದ್ದರೆ ಏನು ಮಾಡಬೇಕು, ಏನು ಮಾಡಬಾರದು?

"ಚೆನ್ನಾಗಿ ಕುದಿಸಿ ಕುಡಿಯಿರಿ" ಎಂಬ ಸಲಹೆ ರೋಗಾಣುವಿಗೆ ಸರಿ, ಫ್ಲೋರೈಡ್‌ಗೆ ತಿರುಗುಬಾಣ. ಲೀಟರ್‌ಗೆ 1.6 ಮಿ.ಗ್ರಾಂ ಇರುವ ಐದು ಲೀಟರ್ ನೀರನ್ನು ಕುದಿಸಿ ನಾಲ್ಕು ಲೀಟರ್‌ಗೆ ಇಳಿಸಿದರೆ, ಆವಿಯಾದದ್ದು ನೀರು ಮಾತ್ರ. ಫ್ಲೋರೈಡ್ ಅಷ್ಟೂ ಉಳಿದು ಲೀಟರ್‌ಗೆ 2 ಮಿ.ಗ್ರಾಂ ಆಗುತ್ತದೆ. ನೈಟ್ರೇಟ್‌ಗೂ ಇದೇ ಲೆಕ್ಕ. ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಡೀ ಇಟ್ಟರೆ ಕೆಲವು ಬ್ಯಾಕ್ಟೀರಿಯಾ ಸಾಯಬಹುದು, ಫ್ಲೋರೈಡ್ ಹೋಗುವುದಿಲ್ಲ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ಕ್ಲೋರಿನ್ ಮಾತ್ರೆ ಇವುಗಳಿಂದಲೂ ಹೋಗುವುದಿಲ್ಲ.

ಆರ್‌ಒ ಘಟಕದ ನೀರಿನಿಂದ ಫ್ಲೋರೈಡ್ ಬಹುಮಟ್ಟಿಗೆ ಹೋಗುತ್ತದೆ, ಆದರೆ ಪೊರೆ ಹಾಳಾಗದೆ ಇದ್ದರೆ ಮಾತ್ರ. ಊರಿನ ಶುದ್ಧ ನೀರಿನ ಘಟಕದ ನಲ್ಲಿಯ ನೀರನ್ನೂ ಪರೀಕ್ಷೆಗೆ ಕಳಿಸಿ. ನಾಣ್ಯ ಹಾಕಿದರೆ ನೀರು ಬರುತ್ತದೆ ಎಂಬುದು ಶುದ್ಧತೆಗೆ ಸಾಕ್ಷಿಯಲ್ಲ. ಆರ್‌ಒ ಹೊರಹಾಕುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಇನ್ನೂ ಸಾಂದ್ರವಾಗಿರುತ್ತದೆ, ಅದನ್ನು ಹಳೆಯ ಬಾವಿಗೋ ಬತ್ತಿದ ಬೋರ್‌ವೆಲ್‌ಗೋ ಬಿಡಬಾರದು. ಶುಚಿಯಾಗಿ ಹಿಡಿದಿಟ್ಟ ಮಳೆ ನೀರಿನಲ್ಲಿ ಫ್ಲೋರೈಡ್ ಇರುವುದಿಲ್ಲವೆಂದೇ ಹೇಳಬಹುದು. ಆಲಂ ಮತ್ತು ಸುಣ್ಣ ಬಳಸುವ ನಲಗೊಂಡ ವಿಧಾನ, ಆಕ್ಟಿವೇಟೆಡ್ ಅಲ್ಯೂಮಿನಾ ಫಿಲ್ಟರ್‌ಗಳೂ ಇವೆ. ಆದರೆ ಅವಕ್ಕೆ ಅಳತೆ ಮತ್ತು ನಿರ್ವಹಣೆ ಸರಿಯಾಗಿರಬೇಕು, ಅಂದಾಜಿನಲ್ಲಿ ಮಾಡುವಂಥದ್ದಲ್ಲ.

ಒಂದು ಸಮಾಧಾನದ ಮಾತೂ ಇದೆ. ಸ್ನಾನ, ಬಟ್ಟೆ, ಪಾತ್ರೆಗೆ ಫ್ಲೋರೈಡ್ ನೀರು ತೊಂದರೆಯಿಲ್ಲ. ಬದಲಿಸಬೇಕಾದ್ದು ಕುಡಿಯುವ ಮತ್ತು ಅಡುಗೆಯ ನೀರು ಮಾತ್ರ. ಆ ಒಂದೆರಡು ಬಿಂದಿಗೆ ಮೊದಲು ಮೀಸಲಾಗಬೇಕಾದ್ದು ಮನೆಯ ಎಂಟು ವರ್ಷದೊಳಗಿನ ಮಕ್ಕಳಿಗೆ.

ನೀರು ಬಣ್ಣ ತಿರುಗುವ ವಿಡಿಯೊ ಮತ್ತೆ ಗ್ರೂಪಿಗೆ ಬಂದರೆ, ಕಳಿಸಿದವರಿಗೆ ಮೂರು ಪ್ರಶ್ನೆ ಕೇಳಿ: ಯಾವ ವಸ್ತುವನ್ನು ಪರೀಕ್ಷಿಸಿದ್ದು? ಯಾವ ವಿಧಾನದಿಂದ? ಲೀಟರ್‌ಗೆ ಎಷ್ಟು ಸಿಕ್ಕಿತು? ಈ ಮೂರಕ್ಕೆ ಉತ್ತರವಿಲ್ಲದ ವಿಡಿಯೊ ಪರೀಕ್ಷೆಯಲ್ಲ, ವ್ಯಾಪಾರ. ಅದನ್ನು ಮುಂದೆ ಕಳಿಸುವ ಬದಲು ನಿಮ್ಮ ಬೀದಿಯ ಬೋರ್‌ವೆಲ್‌ನ ಲ್ಯಾಬ್ ವರದಿಯ ಫೋಟೊ ಹಾಕಿ. ಆ ಗ್ರೂಪಿನಲ್ಲಿರುವ ಯಾವುದಾದರೂ ಮಗುವಿನ ಹಲ್ಲು ಉಳಿಯುವುದು ಅದರಿಂದಲೇ.